ಕೇಳಿದವರಿಗೆ ಮಾತ್ರ

ಮಾರ್ಚ್ ೩, ಸೋಮವಾರ

ಬರೆದಿಟ್ಟರೆ ಮದ್ದು ಸಾಯುತ್ತದೆ ಎನ್ನುತ್ತಿದ್ದಳು ಅಮ್ಮ. ಅವಳಿಗೆ ಓದುಬರಹ ಬರುತ್ತಿರಲಿಲ್ಲ, ಹಾಗಾಗಿ ಆ ನಿಯಮ ಪಾಲಿಸುವುದು ಅವಳಿಗೇನೂ ಕಷ್ಟವಾಗಲಿಲ್ಲ. ನಾನು ಮೂವತ್ತೇಳು ವರ್ಷ ಆಸ್ಪತ್ರೆಯ ಔಷಧದ ಕಿಟಕಿಯ ಹಿಂದೆ ಕೂತು ಮಾತ್ರೆ ಎಣಿಸಿದವಳು. ಬರೆಯದೆ ಒಂದು ಗುಳಿಗೆಯನ್ನೂ ಆಚೆ ಬಿಟ್ಟವಳಲ್ಲ. ಆದ್ದರಿಂದ ಈ ನೋಟುಬುಕ್ಕು. ಅಮ್ಮ ಎಲ್ಲಿದ್ದರೂ ಹಲ್ಲು ಕಡಿಯುತ್ತಿರಬಹುದು, ಕಡಿಯಲಿ.

ನಿವೃತ್ತಿಯಾಗಿ ಎಂಟು ತಿಂಗಳಾಯಿತು. ಮೊದಮೊದಲು ಏನು ಮಾಡಲೂ ತೋಚುತ್ತಿರಲಿಲ್ಲ. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ, ಬೇಳೆ ಆರಿಸುವಾಗಲೂ ಐದೈದಾಗಿ ಎಣಿಸುತ್ತಿತ್ತು. ಕಳೆದ ತಿಂಗಳು ಬಸ್ ಡಿಪೋದ ಹಿಂದಿನ ಗೋಡೆಯ ಬುಡದಲ್ಲಿ ಮಾಚಿಪತ್ರೆ ಕಂಡಿತು. ಎಲೆಯ ಅಡಿಭಾಗ ಬೂದುಬಣ್ಣ, ತಿಕ್ಕಿದರೆ ಮೂಗಿಗೆ ಅಡರುವ ಕಟು ವಾಸನೆ. ಅನುಮಾನವೇ ಇರಲಿಲ್ಲ. ಚಿವುಟಲು ಕೈ ಚಾಚಿದೆನೋ ಇಲ್ಲವೋ, ಬಾಯಿ ತಾನಾಗಿಯೇ ಗಿಡದ ಅಪ್ಪಣೆ ಕೇಳಿತು. ಅಮ್ಮ ಕಲಿಸಿದ ಮಾತುಗಳು, ಒಂದೂ ತಪ್ಪಿರಲಿಲ್ಲ. ಆಸ್ಪತ್ರೆಯ ಕೆಲಸ ಸಿಕ್ಕ ದಿನವೇ ಇದೆಲ್ಲ ಇನ್ನು ಸಾಕು ಎಂದು ಬಿಟ್ಟದ್ದು. ಬಿಟ್ಟಿದ್ದೇನೆ ಎಂದುಕೊಂಡಿದ್ದೆ. ಈಗ ತಾರಸಿಯ ಮೇಲೆ ಆರು ಕುಂಡಗಳಿವೆ.

ಬೀದಿಯವರು ಅಮ್ಮನನ್ನು ಮಾಟಗಾತಿ ಎನ್ನುತ್ತಿದ್ದರು. ಹೊಟ್ಟೆ ಹಿಡಿದುಕೊಂಡಾಗ ಅದೇ ಜನ ಹಿಂದಿನ ಬಾಗಿಲಿಗೆ ಬರುತ್ತಿದ್ದರು. ಅಮ್ಮ ತನ್ನನ್ನು ‘ಬಲ್ಲವಳು’ ಎಂದಷ್ಟೇ ಕರೆದುಕೊಳ್ಳುತ್ತಿದ್ದಳು. ಅವಳ ಅಮ್ಮನೂ ಬಲ್ಲವಳು, ಆಕೆಯ ಅಮ್ಮನೂ ಬಲ್ಲವಳು. ಗುಂಪಿಲ್ಲ, ಗುರುವಿಲ್ಲ, ಒಲೆಯ ಮುಂದೆ ಒಬ್ಬಳೇ ನಿಂತು ಮಾಡುವ ಕೆಲಸ. ಒಂಟಿಯಾಗಿರುವುದು ನನಗೆ ಹೇಗೂ ರೂಢಿಯಾಗಿದೆ.

ಇವತ್ತು ಮಧ್ಯಾಹ್ನ ಅಕ್ಕನ ಮಗಳು ಫೋನ್ ಮಾಡಿದಳು. ಅಕ್ಕನ ಹೊಟ್ಟೆಯಲ್ಲಿ ಗಡ್ಡೆಯಂತೆ, ಲಿವರಿಗೂ ಹಬ್ಬಿದೆಯಂತೆ. ಕುಯ್ಯುವ ಕಾಲ ದಾಟಿದೆ, ಮನೆಯಲ್ಲೇ ಇಟ್ಟುಕೊಂಡು ನೋವಾಗದ ಹಾಗೆ ನೋಡಿಕೊಳ್ಳಿ ಎಂದಿದ್ದಾರೆ. “ಚಿಕ್ಕಮ್ಮ, ಹಗಲು ಹೊತ್ತು ಸ್ವಲ್ಪ ಬಂದು ಕೂತ್ಕೋತೀರಾ? ನಾನು ಅಂಗಡಿಗೆ ಹೋಗ್ಲೇಬೇಕು” ಎಂದಳು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದಲ್ಲಿದ್ದಾಳೆ. ಬರುತ್ತೇನೆ ಎಂದೆ.

ಅಮ್ಮನ ಒಂದು ನಿಯಮವನ್ನು ಈ ಪುಟದಲ್ಲೇ ಮುರಿದಿದ್ದೇನೆ. ಇನ್ನೊಂದನ್ನು ಮುರಿಯುವುದಿಲ್ಲ. ಮದ್ದು ಕೇಳಿದವರಿಗೆ ಮಾತ್ರ. ನೋವಿರುವವರೇ, ತಮ್ಮ ಬಾಯಿಂದಲೇ, ಕೊಡು ಎಂದು ಕೇಳಬೇಕು. ಕೇಳದವರಿಗೆ ಕೊಟ್ಟರೆ ಅದು ಮದ್ದಲ್ಲ, ಮಾಟ. ನಾವು ಮಾಟ ಮಾಡುವವರಲ್ಲ ಎಂದು ಅಮ್ಮ ನೂರು ಸಲ ಹೇಳಿದ್ದಾಳೆ.

ಅಕ್ಕ ಕೇಳುತ್ತಾಳೆ. ನೋವು ಅಷ್ಟಿದೆ ಎಂದರೆ ಕೇಳಿಯೇ ಕೇಳುತ್ತಾಳೆ.

ಮಾರ್ಚ್ ೬, ಗುರುವಾರ

ಎರಡು ಬಸ್ಸು, ಆಮೇಲೆ ಮೂರು ಮಹಡಿ ಮೆಟ್ಟಿಲು. ಬಾಗಿಲು ತೆರೆದಾಗ ಹಾಸಿಗೆಯ ಮೇಲಿದ್ದವಳು ಅಕ್ಕನೇ ಎಂದು ಗುರುತಿಸಲು ಒಂದು ಗಳಿಗೆ ಬೇಕಾಯಿತು.

“ಬಂದ್ಯಾ ಗುಳಿಗೆ” ಎಂದಳು. ನಾನು ಹುಟ್ಟಿದಾಗ ಉರುಟಾಗಿದ್ದೆನಂತೆ, ಆಗ ಅವಳಿಗೆ ಎಂಟು ವರ್ಷ. ಅವಳೇ ಇಟ್ಟ ಹೆಸರು. ಆಮೇಲೆ ನಾನು ಗುಳಿಗೆ ಎಣಿಸುವ ಕೆಲಸಕ್ಕೇ ಸೇರಿದ್ದಕ್ಕೆ ಬಿದ್ದು ಬಿದ್ದು ನಕ್ಕಿದ್ದಳು ಎಂದು ಕೇಳಿದ್ದೆ, ಬೇರೆಯವರ ಬಾಯಿಂದ.

ಅವಳು ಹೆಡ್‌ಮಿಸ್ಟ್ರೆಸ್ ಆಗಿದ್ದವಳು. ಅದು ಇನ್ನೂ ಇಳಿದಿಲ್ಲ. ದಿನ ಬಿಟ್ಟು ದಿನ ಬರುವ ನರ್ಸ್ ಔಷಧದ ಹೊತ್ತನ್ನು ಬರೆಯುವ ಹಾಳೆ ಹಾಸಿಗೆಯ ಪಕ್ಕ ತೂಗುತ್ತದೆ. ಅಕ್ಕ ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದಿದ್ದಾಳೆ, ಕೊನೆಯಲ್ಲಿ ಹತ್ತಕ್ಕೆ ನಾಲ್ಕು ಅಂಕ ಕೊಟ್ಟಿದ್ದಾಳೆ. ನರ್ಸ್ ಅದನ್ನು ತೋರಿಸಿ, “ನಮ್ಮ ಮೇಡಂ ಇನ್ನೂ ಪಾಸ್ ಮಾಡಿಲ್ಲ ನನ್ನ” ಎಂದು ನಗುತ್ತಾಳೆ. ಒಳ್ಳೆಯ ಹುಡುಗಿ.

ದಿಂಬು ಸರಿಮಾಡುವಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು. ಮೂಗಿನ ಹತ್ತಿರ ತಂದು, “ಏನೋ ವಾಸನೆ ಬರ್ತಿದೆ ನಿನ್ನ ಕೈಯಿಂದ. ಅಮ್ಮನ ಅಡುಗೆಮನೆ ವಾಸನೆ” ಎಂದಳು. ನಾಚಿಕೆಯಾಯಿತು. ಆ ವಾಸನೆಗೇ ಅಲ್ಲವೇ ಅವಳು ಮನೆ ಬಿಟ್ಟು ಹೋದದ್ದು. ಒಳಗೆ ಹೋಗಿ ಸೋಪು ಹಚ್ಚಿ ಎರಡು ಸಲ ತೊಳೆದು ಬಂದೆ. ಬಂದಾಗ ಮತ್ತೆ ಕೈ ಹಿಡಿದು ಮೂಸಿದಳು.

ಮಾರ್ಚ್ ೮, ಶನಿವಾರ

ಮೊದಲ ಕಷಾಯ ಮಾಡಿದೆ. ಮಾಚಿಪತ್ರೆಯ ಮೂರನೇ ಎಲೆಯಿಂದ ಕೆಳಗಿನವು, ಬಿಸಿಲು ಗಿಡಕ್ಕೆ ಮುಟ್ಟುವ ಮೊದಲು. ಬೆರಳಗಲ ಬಜೆ ಬೇರು, ಒಣಶುಂಠಿ. ನೀರು ಅರ್ಧಕ್ಕಿಳಿಯುವ ತನಕ ಸಣ್ಣ ಉರಿ. ಆಮೇಲೆ ಉಸಿರು ಹಿಡಿದು ಹಬೆಯ ಮೇಲೆ ಬಾಗಿ ಹೇಳುವ ಮಾತು. ಅದನ್ನು ಮಾತ್ರ ಬರೆಯುವುದಿಲ್ಲ. ಅರ್ಥ ನನಗೂ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಮೂವತ್ತೇಳು ವರ್ಷದ ಮೇಲೆ ಅದನ್ನು ಹೇಳಿದೆ.

ಅಕ್ಕನ ಡಾಕ್ಟರಿಗೆ ಫೋನ್ ಮಾಡಿ ಏನೇನು ಹಾಕಿದ್ದೇನೆ, ಎಷ್ಟು ಹಾಕಿದ್ದೇನೆ ಎಲ್ಲ ಹೇಳಿದೆ. ನನ್ನ ಕಿಟಕಿಯಿಂದ ಔಷಧ ತರಿಸುತ್ತಿದ್ದವರೇ. “ಎರಡು ಚಮಚ ತಾನೆ, ಕೊಡಿ. ಓಕರಿಕೆ ನಿಂತು ನಿದ್ದೆ ಬಂದ್ರೆ ಯಾರು ಬೇಡ ಅಂತಾರೆ” ಎಂದರು. ಆ ಕಡೆಯಿಂದ ಅಡ್ಡಿಯಿಲ್ಲ.

ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೋದೆ. ಬಸ್ಸಿನಲ್ಲಿ ತೊಡೆಗೆ ಬೆಚ್ಚಗೆ ತಾಗುತ್ತಿತ್ತು. ಅಕ್ಕನ ಮನೆಯಲ್ಲಿ ಚೀಲವನ್ನು ಬಾಗಿಲ ಪಕ್ಕದ ಕುರ್ಚಿಯ ಮೇಲಿಟ್ಟು ಕಾದೆ. ಸಂಜೆಯವರೆಗೆ ಅಕ್ಕ ಹವೆ, ಪಕ್ಕದ ಮನೆಯ ಟಿವಿ, ಮಗಳ ಸಂಬಳ ಎಲ್ಲ ಮಾತಾಡಿದಳು. ಮದ್ದು ಕೇಳಲಿಲ್ಲ. ವಾಪಸ್ ತಂದು ಗಿಡದ ಬುಡಕ್ಕೇ ಸುರಿದೆ. ಕುಡಿಯದ ಕಷಾಯವನ್ನು ಮರುದಿನಕ್ಕೆ ಇಡುವಂತಿಲ್ಲ.

ಮಾರ್ಚ್ ೧೨, ಬುಧವಾರ

ಇವತ್ತು ಇನ್ನೇನು ಕೇಳಿಯೇಬಿಟ್ಟಳು ಎನ್ನಿಸಿತ್ತು.

ಊಟ ಒಂದು ತುತ್ತೂ ನಿಲ್ಲಲಿಲ್ಲ. ಬಾಯಿ ಒರೆಸಿ ಮಲಗಿಸಿದ ಮೇಲೆ ಚಾವಣಿ ನೋಡುತ್ತಾ ಹೇಳಿದಳು: “ಈ ಮಾತ್ರೆಗೆ ನಿದ್ದೆ ಬರಲ್ಲ ಕಣೇ, ಬರೀ ಮಂಪರು. ಅಮ್ಮನ ಹತ್ರ ನಿದ್ದೆಗೆ ಏನೋ ಇತ್ತಲ್ಲ.”

“ಇತ್ತು” ಎಂದೆ.

“ನಿಂಗೆ ನೆನಪಿದೆಯಾ ಅದು?”

“ಇದೆ.”

ಕಾದೆ. ಅವಳೂ ನನ್ನ ಮುಖ ನೋಡುತ್ತಿದ್ದಳು. ಆಮೇಲೆ “ಒಳ್ಳೇದು” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ನೆನಪಿದೆಯಾ ಎಂದು ಕೇಳಿದಳು, ಕೊಡು ಎನ್ನಲಿಲ್ಲ. ಒಂದೇ ಒಂದು ಶಬ್ದ. ಅದಕ್ಕೂ ಬಿಗುಮಾನವೇ? ಹೆಡ್‌ಮಿಸ್ಟ್ರೆಸ್‌ಗೆ ಮಾಟಗಾತಿಯ ಮದ್ದು ಕೇಳಲು ನಾಲಿಗೆ ಹೊರಳುವುದಿಲ್ಲ.

ನನಗೆ ಹಳೆಯದೆಲ್ಲ ನೆನಪಾಗುತ್ತದೆ. ಅಪ್ಪ ಸತ್ತ ತಿಂಗಳಲ್ಲೇ ಅಕ್ಕ ಹಾಸ್ಟೆಲಿಗೆಂದು ಹೋದಳು, ಮತ್ತೆ ಬರಲಿಲ್ಲ. ಕಾಲೇಜಿನಲ್ಲಿ ಅವಳನ್ನು ಮಾಟಗಾತಿ ಮಗಳು ಎಂದು ಅಣಕಿಸುತ್ತಿದ್ದರು, ಅದಕ್ಕೇ ಹೋದಳು. ಅಮ್ಮ ಎರಡು ವರ್ಷ ಹಾಸಿಗೆ ಹಿಡಿದಿದ್ದಾಗಲೂ ಇತ್ತ ತಲೆ ಹಾಕಲಿಲ್ಲ. ಸತ್ತ ದಿನ ಬಂದಳು, ಬಾಗಿಲಲ್ಲೇ ನಿಂತು ನೋಡಿ ಹೊರಟುಹೋದಳು. ನಾನು ಆಸ್ಪತ್ರೆಯ ಕೆಲಸ ಮುಗಿಸಿ ಬಂದು ಅಮ್ಮನ ಬೆನ್ನು ತಿರುಗಿಸಿ ಮಲಗಿಸಿದ ಆ ಎರಡು ವರ್ಷ ಯಾರ ಲೆಕ್ಕಕ್ಕೂ ಬರಲಿಲ್ಲ.

ಕೇಳಲಿ. ಅವಳ ಬಾಯಿಂದ ಒಂದು ಸಲ ಬರಲಿ.

ಮಾರ್ಚ್ ೧೫, ಶನಿವಾರ

ಹೋದೆ, ಬಂದೆ. ಕೇಳಲಿಲ್ಲ.

ಮಾರ್ಚ್ ೧೭, ಸೋಮವಾರ

ಕೇಳಲಿಲ್ಲ. ಗಿಡಗಳು ಮಾತ್ರ ಚೆನ್ನಾಗಿ ಬೆಳೆಯುತ್ತಿವೆ, ದಿನಾ ಕಷಾಯ ಕುಡಿದು.

ಮಾರ್ಚ್ ೧೯, ಬುಧವಾರ

ಅಮ್ಮನ ದಾರದ ಕೆಲಸ ಇನ್ನೂ ಕೈಗೆ ಬರುತ್ತದೆಯೋ ನೋಡೋಣ ಎಂದು ಒಂದು ಮೊಳ ಹತ್ತಿಯ ದಾರ ತೆಗೆದುಕೊಂಡು ಹೋಗಿದ್ದೆ. ನೋವಿರುವವರು ಒಂದೊಂದು ನೋವಿನ ಜಾಗ ಹೇಳಬೇಕು, ಹೇಳಿದಂತೆಲ್ಲ ನಾವು ಒಂದೊಂದು ಗಂಟು ಹಾಕಬೇಕು. ಎಲ್ಲ ಗಂಟೂ ಬಿದ್ದ ಮೇಲೆ ದಾರವನ್ನು ಕಷಾಯದಲ್ಲಿ ಅದ್ದಿ, ಒಣಗಿಸಿ, ಒಲೆಗೆ ಹಾಕಬೇಕು. ಬೀದಿಯವರು ಹೆದರುತ್ತಿದ್ದದ್ದು ಈ ದಾರಕ್ಕೇ.

ಅಕ್ಕ ನಿದ್ದೆಯಲ್ಲಿದ್ದಾಳೆ ಎಂದು ಕಿಟಕಿಯ ಬಳಿ ಕೂತು ಬೆರಳಿಗೆ ಸುತ್ತುತ್ತಿದ್ದೆ.

“ಏನದು ದಾರ?” ಎಂದಳು.

“ಏನಿಲ್ಲ, ಸುಮ್ಮನೆ.”

ಸ್ವಲ್ಪ ಹೊತ್ತು ದಾರವನ್ನೇ ನೋಡುತ್ತಿದ್ದಳು. ಆಮೇಲೆ ತಾನಾಗಿಯೇ ಹೇಳತೊಡಗಿದಳು. ಬಲಗಡೆ ಪಕ್ಕೆಯ ಕೆಳಗೆ. ಬೆನ್ನಿನ ನಡುವೆ, ಅಲ್ಲಿ ಮಲಗಿದರೆ ಜಾಸ್ತಿ. ಹೊಕ್ಕುಳ ಹತ್ತಿರ. ಎಡ ಭುಜ, ಅದು ಯಾಕೋ ಗೊತ್ತಿಲ್ಲ. ಎರಡೂ ಅಂಗಾಲು ಉರಿ. ಗಂಟಲು. ಒಂದೊಂದನ್ನೂ ಹೇಳಿ ನಿಲ್ಲಿಸಿ ನನ್ನ ಬೆರಳ ಕಡೆ ನೋಡಿ ಮುಂದಕ್ಕೆ ಹೋಗುತ್ತಿದ್ದಳು, ತರಗತಿಯಲ್ಲಿ ಉಕ್ತಲೇಖನ ಬರೆಸುವ ಹಾಗೆ. ಪಾಪ, ನೋವು ಹೇಳಿಕೊಳ್ಳಲು ಅವಳಿಗೂ ಒಬ್ಬರು ಬೇಕಿತ್ತು.

ದಾರವನ್ನು ಮಡಚಿ ಚೀಲಕ್ಕೆ ಹಾಕಿದೆ. ಅವಳು ಕೇಳದೆ ಗಂಟು ಹಾಕುವುದು ಸರಿಯಲ್ಲ. ಮುಖ ಯಾಕೋ ಸಣ್ಣದಾಯಿತು ಅವಳದು, ನೋವು ಹೆಚ್ಚಾಗಿರಬೇಕು. ಅಂಗಾಲನ್ನು ತಣ್ಣೀರಿನಲ್ಲಿ ಒರೆಸಿದೆ.

ಮಾರ್ಚ್ ೨೨, ಶನಿವಾರ

ಜಗಳವಾಯಿತು. ಸಾಯುವವಳ ಜೊತೆ ಜಗಳವಾಡಿ ಬಂದಿದ್ದೇನೆ.

ನರ್ಸ್ ಹೋದ ಮೇಲೆ ಅಕ್ಕ, “ನೀನು ದಿನಾ ಚೀಲ ಹೊತ್ಕೊಂಡು ಬರ್ತೀಯಲ್ಲ, ಭಾರ ಆಗಲ್ವಾ?” ಎಂದಳು. ಅವಳ ದನಿಯಲ್ಲಿ ನನಗೆ ಕೊಂಕು ಕೇಳಿಸಿತು. “ಏನು ಭಾರ? ಅಮ್ಮನ್ನ ಹೊತ್ತವಳಿಗೆ ಇದೆಲ್ಲ ಏನು ಭಾರ” ಎಂದೆ. ಬಾಯಿಗೆ ಬಂದದ್ದೆಲ್ಲ ಬಂತು ಆಮೇಲೆ. ಎರಡು ವರ್ಷ ಎಲ್ಲಿದ್ದೆ, ಒಂದು ಕಾಗದ ಬರೆದೆಯಾ, ಅಮ್ಮ ಕೊನೆಗೆ ನನ್ನನ್ನೇ ನೀನು ಎಂದುಕೊಂಡು ನಿನ್ನ ಹೆಸರು ಕರೆಯುತ್ತಿದ್ದಳು, ಗೊತ್ತಾ.

ಅಕ್ಕ ಕಣ್ಣು ಮುಚ್ಚಿದಳು. “ಮುಗೀತಾ?” ಎಂದಳು. ದನಿ ಎಷ್ಟು ಸಣ್ಣದಾಗಿದೆ ಎಂದು ಆಗ ಗಮನಿಸಿದೆ. ಬಾಗಿ ಕೇಳಿಸಿಕೊಳ್ಳಬೇಕಾಯಿತು.

ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದಲ್ಲಿ ಕೂತ ಹೆಂಗಸು ಎದ್ದು ಬೇರೆ ಕಡೆ ಕೂತಳು.

ಮಾರ್ಚ್ ೨೪, ಸೋಮವಾರ

ನಿನ್ನೆ ಹೋಗಲಿಲ್ಲ. ಮಂಡಿನೋವು ಎಂದು ಫೋನಿನಲ್ಲಿ ಹೇಳಿದೆ. ಮಂಡಿಗೆ ಏನೂ ಆಗಿರಲಿಲ್ಲ.

ಕಷಾಯ ಮಾತ್ರ ಮಾಡಿದೆ. ಮಾಡಿ, ಒಲೆಯ ಮುಂದೆ ನಿಂತು, ಯಾರಿಗೆಂದು ಮಾಡುತ್ತಿದ್ದೇನೆ ಎಂದು ಕೇಳಿಕೊಂಡೆ. ಮಧ್ಯಾಹ್ನ ಅಕ್ಕನ ಮಗಳು ಫೋನ್ ಮಾಡಿ, “ಅಮ್ಮ ಬೆಳಗ್ಗಿಂದ ಬಾಗಿಲ ಕಡೆನೇ ನೋಡ್ತಿದಾರೆ ಚಿಕ್ಕಮ್ಮ. ನಾಳೆ ಆದ್ರೂ ಬನ್ನಿ” ಎಂದಳು.

ಇವತ್ತು ಹೋದೆ. ಇಬ್ಬರೂ ಜಗಳದ ಸುದ್ದಿ ಎತ್ತಲಿಲ್ಲ. “ಮಂಡಿಗೆ ಏನು ಹಚ್ಚಿದೆ?” ಎಂದು ಕೇಳಿದಳು. “ಮುಲಾಮು” ಎಂದೆ. “ಅಂಗಡೀದಾ, ಮನೇದಾ?” ಎಂದಳು. ಅಂಗಡಿಯದೆಂದು ಸುಳ್ಳು ಹೇಳಿದೆ. ತುಟಿಯ ತುದಿಯಲ್ಲಿ ನಕ್ಕಳು.

ಅವಳ ಕೂದಲು ಬಾಚಿ ಜಡೆ ಹಾಕಿದೆ. ಚಿಕ್ಕಂದಿನಲ್ಲಿ ಅವಳು ನನಗೆ ಹಾಕುತ್ತಿದ್ದಳು, ಕಣ್ಣು ಮೇಲೆ ಹೋಗುವಷ್ಟು ಬಿಗಿಯಾಗಿ. ಈಗ ಅವಳ ಇಡೀ ಜಡೆ ನನ್ನ ಕಿರುಬೆರಳಿನಷ್ಟಿದೆ. ಬಹಳ ಹೊತ್ತು ಬಾಚಿದೆ. ಇವತ್ತು ಮದ್ದು ಕೇಳಿದಳೋ ಇಲ್ಲವೋ ಎಂಬುದು ಮನೆಗೆ ಬಂದು ಬಾಟಲಿ ತೆಗೆಯುವ ತನಕ ನನಗೆ ನೆನಪಾಗಲೇ ಇಲ್ಲ.

ಮಾರ್ಚ್ ೨೮, ಶುಕ್ರವಾರ

ಇದನ್ನು ಹೇಗೆ ಬರೆಯಲಿ. ಹೇಳಿದಂತೆಯೇ ಬರೆಯುತ್ತೇನೆ.

ಮೂರು ಗಂಟೆಯ ಹೊತ್ತು. ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ಅಕ್ಕ ಬೆರಳಾಡಿಸಿ ಹತ್ತಿರ ಕರೆದಳು. ಕಿವಿಯನ್ನು ಅವಳ ಬಾಯಿಯ ಬಳಿ ಇಟ್ಟೆ.

“ಗುಳಿಗೆ, ಅಪ್ಪ ಸತ್ತಾಗ ನಿಂಗೆಷ್ಟು ವಯಸ್ಸು?”

“ಹನ್ನೊಂದು.”

“ಹಾಗಾದ್ರೆ ನಿಂಗೆ ಗೊತ್ತಿರಲ್ಲ.”

ಅಪ್ಪ ಬೀಗ ರಿಪೇರಿ ಮಾಡುತ್ತಿದ್ದರು. ಉಬ್ಬಸದಿಂದ ಸತ್ತರು. ನನಗೆ ನೆನಪಿರುವುದು ಅವರ ಉಸಿರಿನ ಸಿಳ್ಳೆ, ಮನೆ ತುಂಬಾ ಕಷಾಯದ ವಾಸನೆ, ಅಷ್ಟೇ. ಅಮ್ಮ ಮದ್ದು ಕೊಟ್ಟರೂ ಉಳಿಯಲಿಲ್ಲ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಅಕ್ಕ ನಿಲ್ಲಿಸಿ ನಿಲ್ಲಿಸಿ ಹೇಳಿದಳು. “ಅಪ್ಪನ ತಲೆ ಹತ್ರ ಗೋಡೇಲಿ ಗೂಡಿತ್ತಲ್ಲ, ಅಲ್ಲಿ ಅಮ್ಮ ಮದ್ದಿನ ಬಟ್ಟಲು ಇಡ್ತಿದ್ಲು. ಸಾಯಂಕಾಲ ಮಾಡಿ ಇಡೋದು, ಬೆಳಗ್ಗೆ ಚೆಲ್ಲೋದು. ಹದಿನಾಲ್ಕು ದಿನ. ಕೊಡಮ್ಮ ಅಂದೆ. ಅವರು ಕೇಳಲಿ ಅಂದ್ಲು. ಅಪ್ಪ ಕೇಳೋ ಪೈಕಿನಾ? ಹೆಂಡತಿ ಮದ್ದಿಗೆ ನಗ್ತಿದ್ದವರು. ನಾನು ಕೇಳ್ತಿದೀನಿ ಕೊಡು ಅಂದೆ, ಕಾಲು ಹಿಡ್ಕೊಂಡೆ. ನೀನು ಕೇಳಿದ್ರೆ ಆಗಲ್ಲ ಅಂದ್ಲು.”

“ಮತ್ತೆ ನೀನು ಮನೆ ಬಿಟ್ಟಿದ್ದು, ಕಾಲೇಜಲ್ಲಿ ಎಲ್ಲ ಮಾಟಗಾತಿ ಮಗಳು ಅಂತಿದ್ರು ಅಂತಲ್ವಾ” ಎಂದೆ.

“ಯಾರೋ ಏನೋ ಅಂದ್ರು ಅಂತ ಮನೆ ಬಿಡ್ತಾರಾ? ಅಷ್ಟು ಸಣ್ಣವಳಾ ನಾನು?” ಎಂದಳು. ಉಸಿರು ತೆಗೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು. “ಅವಳು ಮಾಟಗಾತಿ ಆಗಿದ್ರೂ ನಂಗೇನೂ ಆಗ್ತಿರ್ಲಿಲ್ಲ. ಕೈಯಲ್ಲಿ ಇಟ್ಕೊಂಡು ಕೊಡಲಿಲ್ಲ ನೋಡು, ಅದು.”

ಎದ್ದೆ. ಬಾಗಿಲ ಬಳಿಯ ಕುರ್ಚಿಗೆ ಹೋದೆ. ಚೀಲದೊಳಗೆ ಕೈ ಹಾಕಿ ಬಾಟಲಿಯನ್ನು ಹಿಡಿದೂ ಆಯಿತು. ಟವೆಲಿನೊಳಗೆ ತಣ್ಣಗಾಗಿತ್ತು. ತೆಗೆಯಲಾಗಲಿಲ್ಲ. ಹನ್ನೆರಡು ವರ್ಷ ಅಮ್ಮನ ಪಕ್ಕದಲ್ಲಿ ನಿಂತು ಕಲಿತ ಕೈ ಅದು. ಅಷ್ಟರಲ್ಲಿ ನರ್ಸ್ ಬಂದಳು, ಇಂಜೆಕ್ಷನ್ ಕೊಟ್ಟಳು, ಅಕ್ಕ ಮಂಪರಿಗೆ ಜಾರಿದಳು.

ಬಸ್ಸಿನಲ್ಲಿ ತೀರ್ಮಾನಿಸಿದೆ. ನಾಳೆ ಕೊಡುತ್ತೇನೆ. ಕೇಳಲಿ, ಬಿಡಲಿ. ಮಾಟವಾದರೆ ಮಾಟವಾಗಲಿ.

ಮಾರ್ಚ್ ೨೯, ಶನಿವಾರ

ಬೆಳಗ್ಗೆ ನಾಲ್ಕೂವರೆಗೆ ಎದ್ದು ಮಾಡಿದೆ. ಮೊದಲ ಬಸ್ಸು ಹಿಡಿದೆ. ಮೆಟ್ಟಿಲು ಹತ್ತುವಾಗಲೇ ಬಾಟಲಿಯನ್ನು ಚೀಲದಿಂದ ತೆಗೆದು ಕೈಯಲ್ಲಿ ಹಿಡಿದಿದ್ದೆ.

ನಸುಕಿನಿಂದ ಅಕ್ಕನಿಗೆ ನುಂಗಲು ಆಗುತ್ತಿಲ್ಲ. ಮಗಳು ಚಮಚದಲ್ಲಿ ನೀರು ಹಾಕಿದರೆ ಕೆಮ್ಮಿ ನೀಲಿಯಾದಳಂತೆ. ಫೋನ್ ಮಾಡಿ ಕರೆಸಿದ್ದ ನರ್ಸ್ ನನ್ನ ಕೈಯಲ್ಲಿದ್ದ ಬಾಟಲಿ ನೋಡಿ ತಲೆಯಾಡಿಸಿದಳು. “ಬಾಯಿಗೆ ಏನೂ ಹಾಕ್ಬೇಡಿ ಅಮ್ಮಾ. ಶ್ವಾಸಕ್ಕೆ ಹೋಗಿಬಿಡುತ್ತೆ.”

ಮೂರು ವಾರ ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬಂದಿದ್ದೇನೆ. ಎರಡು ಚಮಚ. ನಿನ್ನೆ ಮೂರು ಗಂಟೆಗೆ ಅವಳು ನುಂಗುತ್ತಿದ್ದಳು.

ನನ್ನನ್ನು ನಾನು ಹೊಡೆದುಕೊಳ್ಳಬೇಕು ಎನ್ನಿಸಿತು. ಹೊಡೆದುಕೊಳ್ಳಲಿಲ್ಲ. ಹಳೆಯ ಸೀರೆ ಹರಿದು ಎರಡು ಪಟ್ಟಿ ಮಾಡಿ, ಕಷಾಯದಲ್ಲಿ ಅದ್ದಿ, ಅಂಗಾಲಿಗೆ ಸುತ್ತಿದೆ. ಚೀಲದ ತಳದಲ್ಲಿದ್ದ ದಾರ ತೆಗೆದು ಅವಳು ಅವತ್ತು ಹೇಳಿದ ಜಾಗಗಳಿಗೆಲ್ಲ ಗಂಟು ಹಾಕಿದೆ, ಅದೇ ಕ್ರಮದಲ್ಲಿ. ಒಂದೂ ಮರೆತಿರಲಿಲ್ಲ. ಆಮೇಲೆ ಆ ಮಾತುಗಳನ್ನು ಹೇಳಿದೆ, ಗಟ್ಟಿಯಾಗಿ. ಅಮ್ಮ ಎಂದೂ ಗಟ್ಟಿಯಾಗಿ ಹೇಳಿದವಳಲ್ಲ. ನರ್ಸ್ ಬಾಗಿಲ ಬಳಿ ನಿಂತು ನೋಡುತ್ತಿದ್ದಳು, ಅಕ್ಕನ ಮಗಳೂ. ಮೂವತ್ತೇಳು ವರ್ಷ ಯಾರಿಗೂ ಗೊತ್ತಾಗದಿರಲಿ ಎಂದು ಬಚ್ಚಿಟ್ಟದ್ದನ್ನು ಇಬ್ಬರ ಮುಂದೆ ಹೇಳಿದೆ. ಏನೂ ಅನ್ನಿಸಲಿಲ್ಲ.

ಅಕ್ಕನ ಹೆಬ್ಬೆರಳು ನನ್ನ ಅಂಗೈಯಲ್ಲಿ ಎರಡು ಸಲ ಅಲುಗಿತು. ಆಮೇಲೆ ಹುಬ್ಬಿನ ನಡುವಿನ ಗೆರೆ ಸಡಿಲವಾಯಿತು. ನಾಲ್ಕು ಗಂಟೆ ನಿದ್ದೆ ಮಾಡಿದಳು. ಮಂಪರಲ್ಲ, ನಿದ್ದೆ. ಇಂಜೆಕ್ಷನ್ನಿನದೋ ನನ್ನದೋ ನನಗೆ ಗೊತ್ತಿಲ್ಲ, ಯಾರದಾದರೇನು.

ಏಪ್ರಿಲ್ ೧, ಮಂಗಳವಾರ

ಅಲ್ಲೇ ಉಳಿದಿದ್ದೇನೆ. ಪಟ್ಟಿ ಬದಲಿಸುವುದು, ತುಟಿ ಒದ್ದೆ ಮಾಡುವುದು. ಅಕ್ಕನಿಗೆ ದನಿ ಪೂರ್ತಿ ಹೋಗಿದೆ. ಕೆಂಪು ಪೆನ್ನು ಕೈಗೆ ಕೊಟ್ಟೆ, ಹಿಡಿಯಲಾಗಲಿಲ್ಲ.

ಏಪ್ರಿಲ್ ೨, ಬುಧವಾರ

ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಅಕ್ಕ ಹೋದಳು.

ಏಪ್ರಿಲ್ ೯, ಬುಧವಾರ

ಅಕ್ಕನ ಬಟ್ಟೆಬರೆ ತೆಗೆದಿಡಲು ಅವಳ ಮಗಳ ಜೊತೆ ಕೂತಿದ್ದೆ. ಹುಡುಗಿ ಒಂದು ಹನಿ ಕಣ್ಣೀರು ಹಾಕಿಲ್ಲ ಇನ್ನೂ. ಕಣ್ಣಿನ ಸುತ್ತ ಕಪ್ಪು ಕಟ್ಟಿದೆ. ನಿದ್ದೆ ಮಾಡ್ತಿದೀಯಾ ಎಂದು ಕೇಳಿದರೆ, “ಮಾಡ್ತೀನಿ, ನಂಗೇನಾಗಿದೆ” ಎನ್ನುತ್ತಾಳೆ.

ಸೀರೆ ಮಡಚುತ್ತಾ ಕೇಳಿದಳು: “ಚಿಕ್ಕಮ್ಮ, ಆ ಬಾಟ್ಲಿಯಲ್ಲಿ ಇದ್ದದ್ದು ಏನು? ನಂಗೆ ಇವತ್ತಿನವರೆಗೂ ಗೊತ್ತಾಗ್ಲಿಲ್ಲ.”

“ಯಾವ ಬಾಟ್ಲಿ? ಅವತ್ತಿನದಾ?”

“ಅಲ್ಲ, ದಿನಾ ಚೀಲದಲ್ಲಿ ತರ್ತಿದ್ರಲ್ಲ. ನಾನು ಅಂಗಡಿಗೆ ಹೊರಡೋ ಹೊತ್ತಿಗೆ ನೀವು ಬಂದು ಕೈಕಾಲು ತೊಳ್ಯೋಕೆ ಒಳಗೆ ಹೋಗ್ತಿದ್ರಿ. ಆಗ ಅಮ್ಮ, ಹೋಗಿ ಚೀಲ ನೋಡು, ಬಾಟ್ಲಿ ಇದೆಯಾ ಅಂತ ಕೇಳ್ತಿದ್ರು. ಒಂದು ದಿನ ತಪ್ಪಿಲ್ಲ.”

ಕೈಯಲ್ಲಿದ್ದ ಸೀರೆ ಕೆಳಗಿಟ್ಟೆ. ನೀನು ಏನು ಹೇಳುತ್ತಿದ್ದೆ ಎಂದು ಕೇಳಿದೆ.

“ಇದೆ ಅಂತಿದ್ದೆ. ಹಾಗಾದ್ರೆ ಇವತ್ತು ಕೊಡ್ತಾಳೆ ಅಂತಿದ್ರು. ಸಾಯಂಕಾಲ ನಾನು ಬಂದಾಗ ಕೇಳಿದ್ರೆ, ಇವತ್ತಿಲ್ಲ, ನಾಳೆ ಕೊಡ್ತಾಳೆ ಅನ್ನೋರು. ನಾನೇ ತೆಗೆದು ಕೊಡ್ಲಾ ಅಂದೆ ಒಂದಿನ. ಬೇಡ, ಅವಳೇ ಕೊಡ್ಲಿ ಅಂದ್ರು.”

ಅಮ್ಮ ಗೂಡಿನಲ್ಲಿಟ್ಟದ್ದು ಹದಿನಾಲ್ಕು ದಿನ. ನಾನು ಮೂರು ವಾರ ಇಟ್ಟೆ.

ಆಮೇಲೆ ಈ ಪುಸ್ತಕವನ್ನು ತಿರುವಿಹಾಕಿದೆ. ಪುಟಪುಟದಲ್ಲೂ ಕೇಳಿದ್ದಾಳೆ. ನನ್ನ ಕೈಬರಹದಲ್ಲೇ ಇದೆ. ಕೈ ಮೂಸಿ ಕೇಳಿದ್ದಾಳೆ, ದಾರ ನೋಡಿ ಕೇಳಿದ್ದಾಳೆ, ನೆನಪಿದೆಯಾ ಎಂದು ಕೇಳಿದ್ದಾಳೆ. ಅಪ್ಪನ ಕಥೆ ಹೇಳಿ ಕೇಳಿದ್ದಾಳೆ. ಕೇಳಲಿಲ್ಲ, ಕೇಳಲಿಲ್ಲ ಎಂದು ಕೆಳಗೆ ನಾನೇ ಬರೆದಿದ್ದೇನೆ. ನಿಯಮ ಅಮ್ಮನದು ನಿಜ. ಆದರೆ ಅವಳ ಬಾಯಿಂದ ಆ ಶಬ್ದ ಬರಲಿ ಎಂದು ಕಾದದ್ದು ನಾನು, ನನ್ನ ಆ ಎರಡು ವರ್ಷಕ್ಕೆ ಬೆಲೆ ಸಿಗಲಿ ಎಂದು. ಅಮ್ಮನಿಗೂ ಅಪ್ಪನ ಮೇಲೆ ಅಂಥದ್ದೇ ಏನೋ ಇದ್ದಿರಬೇಕು.

ಎಷ್ಟು ಅತ್ತರೂ ಅದು ಎರಡು ಚಮಚಕ್ಕೆ ಸಮವಾಗುವುದಿಲ್ಲ.

ಏಪ್ರಿಲ್ ೧೪, ಸೋಮವಾರ

ಬೆಳಗ್ಗೆ ಕಷಾಯ ಮಾಡಿದೆ. ಜೇನು ಮುಗಿದಿತ್ತು, ಹಾಗೇ ಸೋಸಿದೆ. ಅಕ್ಕನಿಗೆಂದು ಮಾಡುವಾಗ ದಿನವೂ ಕೊನೆಯಲ್ಲಿ ಎರಡು ಚಮಚ ಜೇನು ಹಾಕುತ್ತಿದ್ದೆ. ಅದನ್ನು ಇಲ್ಲಿ ಬರೆದಿರಲಿಲ್ಲ, ಅದು ಅಮ್ಮನ ಲೆಕ್ಕದಲ್ಲಿಲ್ಲದ್ದು, ನಾನೇ ಸೇರಿಸಿದ್ದು. ಅಷ್ಟು ಕಹಿಯನ್ನು ಅವಳು ಹೇಗೆ ಕುಡಿದಾಳು ಎಂದು.

ಕನ್ನಡಕದ ಅಂಗಡಿಗೆ ಹೋದೆ. ಅಕ್ಕನ ಮಗಳು ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂತಿದ್ದಳು. ಬಾಟಲಿ, ಲೋಟ ಎರಡನ್ನೂ ಅವಳ ಮುಂದಿಟ್ಟೆ.

“ಏನಿದು ಚಿಕ್ಕಮ್ಮ? ನಾನೇನೂ ಕೇಳಿಲ್ವಲ್ಲ.”

“ಕೇಳಿಲ್ಲ. ನಿದ್ದೆ ಬರುತ್ತೆ, ಕುಡಿ.”

ನನ್ನ ಮುಖ ನೋಡಿದಳು, ಯಂತ್ರ ನಿಲ್ಲಿಸಿದಳು, ಎರಡು ಗುಟುಕಿಗೆ ಕುಡಿದಳು. ಮುಖ ಕಿವುಚಿದಳು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅಳತೊಡಗಿದಳು. ಬೆನ್ನಿನ ಮೇಲೆ ಕೈಯಿಟ್ಟು ನಿಂತೆ.

ಅಳು ಸ್ವಲ್ಪ ಇಳಿದ ಮೇಲೆ, “ಅಮ್ಮನಿಗೆ ತರ್ತಿದ್ದದ್ದೂ ಇಷ್ಟೇ ಕಹಿ ಇರ್ತಿತ್ತಾ?” ಎಂದು ಕೇಳಿದಳು.

“ಇಲ್ಲ, ಅದಕ್ಕೆ ಜೇನು ಹಾಕ್ತಿದ್ದೆ” ಎಂದೆ.

“ಯಾಕೆ?” ಎಂದಳು. “ಅಮ್ಮನಿಗೆ ಕಹಿ ಅಂದ್ರೆ ಪ್ರಾಣ.”

ನನಗೆ ಅದು ಗೊತ್ತಿರಲಿಲ್ಲ.